ಗಿರಣಿಗೆ ಕೂಡಿಸಿದ ಗಂಟೆ

ಎಂಬತ್ತರ ದಶಕದಲ್ಲಿ ನಾನು ಅಕ್ಕಿಆಲೂರಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕಳ್ಳರ ಭಯಕ್ಕೆ, ಕಿಟಕಿ ತೆರೆದರೆ ಹೊಡೆದುಕೊಳ್ಳುವ ಗಂಟೆ ಕೂಡಿಸಬೇಕೆಂದು ಮಾಲೀಕರು ಹೇಳಿದಾಗ, ಮದುವೆಗಳಿಗೆ ಮೈಕ್ ಹಚ್ಚುವವನನ್ನು ಕರೆತಂದವನು ನಾನೇ.

“ಇವಂಗ ಲೈಸೆನ್ಸ್ ಐತೇನು?” ಎಂದರು ಮಾಲೀಕರು.

“ಲೈಸೆನ್ಸ್ ಯಾಕ್ರಿ ಸಾವ್ಕಾರ್ರ, ಕೈಯಾಗ ಕಸಬು ಐತಿ,” ಎಂದೆ.

ಅವನು ಟೇಪು ಸುತ್ತದ ಕರೆಂಟಿನ ವೈರನ್ನು, ಮದುವೆ ಹಂದರದ ಬಿದಿರಿಗೆ ಬಿಗಿಯುವ ಹಾಗೆಯೇ, ಕಿಟಕಿಯ ಕಬ್ಬಿಣದ ಸರಳಿಗೆ ಬಿಗಿದ.

ಕಸಬು ಇದ್ದರೆ ಸಾಕು ಅನ್ನುವವರನ್ನು ಕಂಡರೆ ಈಗ ಮೈ ಉರಿಯುತ್ತದೆ. ಮೊದಲು ಉರಿಯುವುದು ನನ್ನ ಮೇಲೆಯೇ.

ಮೂರನೇ ದಿನ ಮಧ್ಯಾಹ್ನ ಗಂಟೆ ಹೊಡೆದುಕೊಂಡಿತು. ಬಡಿಗೆ ಹಿಡಿದು ಗಿರಣಿಯ ಸುತ್ತಲೂ ಕಳ್ಳನನ್ನು ಹುಡುಕಿದೆವು. ಒಳಗೆ, ಗಾಳಿಗೆಂದು ಕಿಟಕಿ ತೆರೆದ ನಮ್ಮ ಮುದುಕ ವಾಚಮನ್ ಸರಳಿಗೆ ಅಂಟಿಕೊಂಡು ಸಾಯುತ್ತಿದ್ದ.