ವಿಮಾನದಲ್ಲಿ ಕೇಳಿಸಿದ ಕನ್ನಡ

ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ರೈಲ್ವೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದು, ತಮಿಳು ಸೀಮೆಯ ಮೊರಪ್ಪೂರಿನಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತನಾದವನು. ಹಳಿಯ ಮೇಲೆ ಯಾರೋ ನಿಂತಿದ್ದರು, ಹತ್ತಿರ ಹೋದರೆ ಇರಲಿಲ್ಲ ಎಂದು ಡ್ರೈವರುಗಳು ಹೇಳಿದಾಗ, ನಿದ್ದೆ ಸಾಲದ ಕಣ್ಣಿಗೆ ಹಾಗೆಲ್ಲ ಕಾಣುತ್ತದೆ ಎಂದು ಟೀ ತರಿಸಿ ಕೊಡುತ್ತಿದ್ದೆ. ಈಗ ನಾನು ಹೇಳಹೊರಟಿರುವುದಕ್ಕೆ ನೀವೂ ಅದೇ ಉತ್ತರ ಕೊಡಬಹುದು. ನಾನು ಬೇಸರಪಟ್ಟುಕೊಳ್ಳುವುದಿಲ್ಲ. ಆದರೆ ಅಂದು ನಾನು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದೆ, ಹೊರಗೆ ನಡುಮಧ್ಯಾಹ್ನದ ಬಿಸಿಲಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹೆಂಡತಿ ಸರೋಜ ಸೇಲಂನ, ಕನ್ನಡ ಆಡುವ ಮಗ್ಗದ ಮನೆಯವಳು. ಅವಳ ತಮ್ಮ ಹೈದರಾಬಾದಿನಲ್ಲಿ ಸೀರೆ ಪ್ರದರ್ಶನ ಇಟ್ಟಿದ್ದ. ನೋಡಿ ಬರಲು ಹೋದ ನಮಗೆ ವಾಪಸಾಗುವಾಗ ಅವನೇ ವಿಮಾನದ ಟಿಕೆಟ್ ತೆಗೆಸಿಕೊಟ್ಟ. ಸೇಲಂಗೆ ಬರುವುದು ಪಂಖದ ಸಣ್ಣ ವಿಮಾನ. ಇಬ್ಬರಿಗೂ ಅದೇ ಮೊದಲ ಸಲ. ಸರೋಜ ಬೆಲ್ಟು ಬಿಗಿದುಕೊಂಡು, ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಹೊರಟಾಗಿನಿಂದ ಕಣ್ಣುಮುಚ್ಚಿ ಕೂತಿದ್ದಳು. ನಾನು ಕಿಟಕಿಯ ಪಕ್ಕ.

ಒಂದು ಗಂಟೆಗೂ ಮೇಲಾಗಿತ್ತು. ವಿಮಾನ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಕಾರಿಮಂಗಲದ ಕಡೆಯ ಗುಡ್ಡಗಳಿರಬಹುದೆಂದು ಕೆಳಗೆ ನೋಡುತ್ತಿದ್ದೆ. ಆಗ ತಲೆಯ ಮೇಲಿನ ಸ್ಪೀಕರು ಟಕ್ ಎಂದಿತು. ಗಂಡಸಿನ ದನಿ.

"ನನ್ ಕೈಲಾಗ್ತಾ ಇಲ್ಲ. ಯಾರಾನ ಬಂದು ಇಡ್ಕಳಿ."

ಅಷ್ಟೇ. ಅದು ಪುಸ್ತಕದ ಕನ್ನಡವಲ್ಲ, ಬೆಂಗಳೂರಿನ ಕನ್ನಡವೂ ಅಲ್ಲ. ಕಂಬೈನಲ್ಲೂರಿನ ಆಚೆ, ನಮ್ಮೂರಿನ ಹೊಲದ ಬದುವಿನ ಮೇಲೆ ಆಡುವ ಮಾತು. ನಾನು ಓದಿದ್ದು ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಹೊಸೂರಿಗೆ ವರ್ಗವಾದ ಮೇಲೆ. ಆದರೆ ಈ ಮಾತು ನನಗೆ ಅಕ್ಷರಕ್ಕಿಂತ ಮೊದಲು ಬಂದದ್ದು, ಅದನ್ನು ಇನ್ನೊಂದೆಂದು ತಪ್ಪು ತಿಳಿಯುವ ಹಾಗಿಲ್ಲ. ದನಿ ಮಾತ್ರ ನನಗೆ ಗೊತ್ತಿದ್ದವರದಲ್ಲ. ಕೂಗಿದ ಹಾಗಿರಲಿಲ್ಲ. ಬಹಳ ಹೊತ್ತು ಭಾರ ಹೊತ್ತು ನಿಂತವನು ಹೇಳಿದ ಹಾಗಿತ್ತು.

ಸುತ್ತ ನೋಡಿದೆ. ಯಾರೂ ತಲೆಯೆತ್ತಿರಲಿಲ್ಲ. ಆಚೆ ಸೀಟಿನವರು ಫೋನಿನಲ್ಲಿ ಏನೋ ನೋಡುತ್ತಿದ್ದರು.

"ಸರೋಜಾ, ಮೈಕ್‌ನಾಗೆ ಮಾತಾಡಿದ್ದು ಕೇಳಿಸ್ತಾ?"

"ನಂಗೇನೂ ಕೇಳ್ಲಿಲ್ಲ. ಕಿವಿ ಅಡೈಚ್ಚಿಡ್ಚು," ಕಿವಿ ಕಟ್ಟಿಕೊಂಡಿದೆ ಎಂದಳು, ಕಣ್ಣು ತೆರೆಯದೆ.

ನನ್ನದೇ ಭ್ರಮೆಯಿರಬೇಕೆಂದುಕೊಂಡೆ. ಎರಡು ನಿಮಿಷವಾಗಿರಬಹುದು, ಮತ್ತೆ ಟಕ್ ಎಂದಿತು. "ಕೆಳಿಕ್ಕೆ ಓಗಾಕೆ ಬಯ ಆಯ್ತೈತೆ."

ಗಗನಸಖಿಯನ್ನು ಕರೆಯಲು ಮೇಲಿನ ಗುಂಡಿ ಒತ್ತಿದೆ. ತಮಿಳು ಹುಡುಗಿಯೊಬ್ಬಳು ಬಂದು ಬಗ್ಗಿ, "ಸೊಲ್ಲುಂಗ ಸರ್", ಏನು ಹೇಳಿ ಎಂದಳು. ಕ್ಯಾಪ್ಟನ್ ಈಗ ಮೈಕಿನಲ್ಲಿ ಮಾತಾಡಿದರೇ ಎಂದು ತಮಿಳಿನಲ್ಲೇ ಕೇಳಿದೆ. ಇಲ್ಲ ಎಂದಳು. ಒಮ್ಮೆ ಒಳಗೆ ಹೋಗಿ ಅವರನ್ನು ನೋಡಿ ಬಾಮ್ಮ, ಅವರಿಗೆ ಏನೋ ಸರಿಯಿಲ್ಲ ಎಂದೆ. ಅವಳು ಮುಗುಳ್ನಕ್ಕಳು. ಮೊದಲ ಸಲ ಹಾರುವ ಎಷ್ಟು ಮಂದಿ ಮುದುಕರನ್ನು ನೋಡಿದ್ದಳೋ. "ಎಲ್ಲಾಂ ನಾರ್ಮಲ್ ಸರ್. ತಣ್ಣಿ ವೇಣುಮಾ?" ಎಂದು ಕೇಳಿ, ನೀರು ತಂದುಕೊಟ್ಟು ಹೋದಳು. ಆಮೇಲೆ ನಾನೇನು ಮಾಡಬಹುದಿತ್ತು? ಎದ್ದು ಕೂಗಿದ್ದರೆ ನನ್ನನ್ನೇ ಹಿಡಿದು ಕೂರಿಸುತ್ತಿದ್ದರು. ಸ್ಟೇಷನ್ನಿನಲ್ಲಾಗಿದ್ದರೆ ಸಿಗ್ನಲ್ ಕೆಂಪು ಮಾಡುತ್ತಿದ್ದೆ. ಇಲ್ಲಿ ನನ್ನ ಕೈಯಲ್ಲಿದ್ದದ್ದು ಒಂದು ಲೋಟ ನೀರು.

ಹತ್ತು ನಿಮಿಷ ಕಳೆದಿರಬೇಕು. ಮುಂದೆ ಗೋಡೆಯ ಫೋನಿನ ದೀಪ ಹೊತ್ತಿತು. ಅದೇ ಹುಡುಗಿ ರಿಸೀವರ್ ಎತ್ತಿದಳು. ಅವಳ ಮುಖದ ಬಣ್ಣ ಇಳಿದದ್ದನ್ನು ಕೂತಲ್ಲಿಂದಲೇ ಕಂಡೆ. ಅವಳು ಪೈಲಟ್ ಕೋಣೆಯೊಳಗೆ ಹೋಗುವಾಗ ಬಾಗಿಲು ಅರೆಗಳಿಗೆ ತೆರೆದಿತ್ತು. ಒಳಗಿಂದ ಗಂಡಸೊಬ್ಬ ಅಳುವ ಸದ್ದು ಬಂತು. ಈ ಸಲ ಅದು ಎಲ್ಲರಿಗೂ ಕೇಳಿಸಿತು.

ವಿಮಾನ ಇಳಿಯುವುದನ್ನು ಬಿಟ್ಟು ಮೇಲೇರಿತು. ಮೆಟ್ಟೂರು ಅಣೆಕಟ್ಟಿನ ನೀರು ನನ್ನ ಕಿಟಕಿಗೆ ಬಂತು, ಹೋಯಿತು. ಸುತ್ತುಹಾಕಿ ಮತ್ತೆ ಬಂತು. ಮೂರನೆಯ ಸಲವೂ ಬಂದಾಗ ಎಲ್ಲರೂ ಮುಂದಿನ ಬಾಗಿಲನ್ನೇ ನೋಡುತ್ತಿದ್ದರು. ಹಿಂದೆ ಒಂದು ಮಗು ಮಾತ್ರ ಬಿಸ್ಕತ್ತು ಕೇಳುತ್ತಿತ್ತು. ಸರೋಜ ಈಗ ಕಣ್ಣು ತೆರೆದಿದ್ದಳು. "ಏನ್ರೀ, ಇಳಿಸಾಕೆ ಆಗಾಕಿಲ್ವಾ?" ಎಂದು ಮೆಲ್ಲಗೆ ಕೇಳಿದಳು. ನಾನು ಅವಳ ಕೈ ಹಿಡಿದುಕೊಂಡೆ.

ಆಮೇಲೆ ಸ್ಪೀಕರಿನಲ್ಲಿ ಹೆಣ್ಣು ದನಿ ಬಂತು, ಇಂಗ್ಲಿಷಿನಲ್ಲಿ. ತಾನು ಕೋ-ಪೈಲಟ್, ಇನ್ನು ಕೆಲವೇ ನಿಮಿಷಗಳಲ್ಲಿ ಸೇಲಂನಲ್ಲಿ ಇಳಿಯುತ್ತೇವೆ, ದಯವಿಟ್ಟು ಯಾರೂ ಏಳಬೇಡಿ ಎಂದಿತು. ಚಿಕ್ಕ ವಯಸ್ಸಿನ ದನಿ, ಕೊನೆಯ ಮಾತಿನಲ್ಲಿ ಸ್ವಲ್ಪ ಒಡೆಯಿತು. ಚಕ್ರ ನೆಲಕ್ಕೆ ಜೋರಾಗಿ ಬಡಿಯಿತು, ಒಮ್ಮೆ ಎಗರಿತು, ಮತ್ತೆ ಕೂತು ಓಡಿ ನಿಂತಿತು. ಯಾರೋ ಚಪ್ಪಾಳೆ ತಟ್ಟಲು ಹೋಗಿ ಸುಮ್ಮನಾದರು.

ಆಂಬುಲೆನ್ಸ್ ಬರುವವರೆಗೆ ನಮ್ಮನ್ನು ಇಳಿಸಲಿಲ್ಲ. ಕ್ಯಾಪ್ಟನ್ ಹೊರಬಂದ. ನಲವತ್ತರ ಆಸುಪಾಸಿನ, ಉತ್ತರದ ಕಡೆಯ ಮುಖ, ಬೆವರಿಗೆ ಒದ್ದೆಯಾದ ಬಿಳಿ ಅಂಗಿ. ಆ ತಮಿಳು ಹುಡುಗಿಯ ಭುಜ ಹಿಡಿದು ನಡೆಯುತ್ತಿದ್ದ. ಎದುರಿನ ಸಾಲಿನವರೊಬ್ಬರು ಎದ್ದು ನಿಂತು, "ಪೈತ್ಯಕ್ಕಾರನ್ ಕೈಯಿಲ ಎಂಗ ಉಯಿರ ಕುಡುತ್ತೀಂಗಳಾ?" ಎಂದು ಕೂಗಿದರು. ಹುಚ್ಚನ ಕೈಗೆ ನಮ್ಮ ಜೀವ ಕೊಟ್ಟಿರಾ ಎಂದು. ಅವರ ಕೋಪ ತಪ್ಪೆನ್ನಲಾರೆ. ಅವರ ಪಕ್ಕ ಇಬ್ಬರು ಮಕ್ಕಳಿದ್ದರು. ಸರೋಜ ಮಾತ್ರ, "ಬೈಬ್ಯಾಡಿ ಅಣ್ಣಾ, ಪಾವಂ, ಅವ್ರೂ ನಮ್ ಜತೇಲೇ ತಾನೇ ಇದ್ರು," ಎಂದಳು. ಅವರಿಗೆ ಕನ್ನಡ ತಿಳಿಯಿತೋ ಇಲ್ಲವೋ, ಕೂತುಬಿಟ್ಟರು. ಕ್ಯಾಪ್ಟನ್ ಯಾರನ್ನೂ ನೋಡಲಿಲ್ಲ, ನನ್ನನ್ನೂ.

ಹೊರಗೆ ಸಾಮಾನಿಗಾಗಿ ಕಾಯುತ್ತಿದ್ದಾಗ ಆ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. "ಉಂಗಳುಕ್ಕು ಎಪ್ಪಡಿ ತೆರಿಂಜುದು ಸರ್?" ಎಂದಳು. ನಿಮಗೆ ಹೇಗೆ ಗೊತ್ತಾಯಿತು ಎಂದು. ಕೇಳಿಸಿದ್ದನ್ನು ಹೇಳಿದೆ. ಯಾವ ಭಾಷೆಯಲ್ಲಿ ಎಂದು ಕೇಳಿದಳು. ಕನ್ನಡ ಎಂದೆ. ಕ್ಯಾಪ್ಟನ್‌ಗೆ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಬರುವುದಿಲ್ಲ, ಮೈಕನ್ನು ಯಾರೂ ಮುಟ್ಟಿರಲಿಲ್ಲ ಎಂದಳು. ನಾನು ಕರೆದಾಗ ಒಳಗೆ ಎಲ್ಲ ಸರಿಯಾಗಿಯೇ ಇತ್ತಂತೆ. ಹತ್ತು ನಿಮಿಷದ ಮೇಲೆ ಅವನು ಇದ್ದಕ್ಕಿದ್ದಂತೆ ಚುಕ್ಕಾಣಿಯಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, ನನ್ನಿಂದಾಗುವುದಿಲ್ಲ, ನೀನೇ ಹಿಡಿ, ಇಳಿಯಲು ಭಯವಾಗುತ್ತಿದೆ ಎಂದು ಹಿಂದಿಯಲ್ಲಿ ಹೇಳಿ ಅಳತೊಡಗಿದನೆಂದು ಕೋ-ಪೈಲಟ್ ಅವಳಿಗೆ ಹೇಳಿದ್ದಳು. ತಿಂಗಳುಗಳಿಂದ ನಿದ್ದೆಯಿರಲಿಲ್ಲವಂತೆ. ಡಾಕ್ಟರಿಗೆ ಹೇಳಿದರೆ ಹಾರುವುದನ್ನು ನಿಲ್ಲಿಸುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

"ನೀವು ಹೇಳಿದಾಗ ನಾನು ಹೋಗಿ ನೋಡಬೇಕಿತ್ತು," ಎಂದು ಅವಳು ತಮಿಳಿನಲ್ಲಿ ಹೇಳಿ ಕಣ್ಣೊರೆಸಿಕೊಂಡಳು. ಹೋಗಿದ್ದರೂ ಏನು ಕಾಣುತ್ತಿತ್ತಮ್ಮ ಎಂದೆ. ಸಮಾಧಾನಕ್ಕೆ ಆಡಿದ ಮಾತಲ್ಲ ಅದು, ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಪದೇಪದೇ ನೆನಪಾದದ್ದು ಮಾದಪ್ಪ. ಗೂಡ್ಸ್ ಗಾಡಿಯ ಡ್ರೈವರ್, ನಮ್ಮ ಕಡೆಯವನೇ. ಒಮ್ಮೆ ಮೊರಪ್ಪೂರಿನಲ್ಲಿ ಗಾಡಿ ನಿಂತಿದ್ದಾಗ ನನ್ನೆದುರು ಕೂತು, "ಸಾಮೀ, ಕಣ್ ಮುಚ್ಚಿದ್ರೆ ಹಳಿ ಓಡ್ತೈತೆ. ಮನಸು ನಿಲ್ತಾ ಇಲ್ಲ. ಎಲ್ಲೂ ಬರೀಬ್ಯಾಡಿ, ವೇಲೆ ಓಗ್ಬಿಡ್ತೈತೆ," ಎಂದಿದ್ದ. ಕೆಲಸ ಹೋಗಿಬಿಡುತ್ತದೆಂಬ ಅವನ ಹೆದರಿಕೆ ನ್ಯಾಯವಾಗಿಯೇ ಇತ್ತು. ರಜೆ ಹಾಕಪ್ಪ ಎಂದೆ. ಬರೆಯಲಿಲ್ಲ. ಸಿಗ್ನಲ್ ಬಿತ್ತು, ಗಾಡಿ ಹೊರಟಿತು. ಆ ದಿನ ಏನೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಎದುರು ಕೂತು ಬಾಯಿಬಿಟ್ಟು ಹೇಳಿದವನ ಮಾತನ್ನು ಕೇಳಿಯೂ ನಾನು ಏನೂ ಮಾಡಿರಲಿಲ್ಲ. ಬಾಯಿಬಿಡದವನ ಮಾತು ಮುಚ್ಚಿದ ಬಾಗಿಲಿನಾಚೆಯಿಂದ, ಅವನಿಗೆ ಗೊತ್ತೇ ಇಲ್ಲದ ನನ್ನ ಭಾಷೆಯಲ್ಲಿ, ನನಗೇ ಏಕೆ ಕೇಳಿಸಬೇಕಿತ್ತು?

ಕಿವಿ ಡಾಕ್ಟರಿಗೆ ತೋರಿಸಿದೆ, ದೋಷವಿಲ್ಲ ಎಂದರು. ಆ ಕ್ಯಾಪ್ಟನ್ ಈಗ ಎಲ್ಲಿದ್ದಾನೆ, ನಿದ್ದೆ ಬರುತ್ತದೆಯೇ, ತಿಳಿಯದು. ಹೆಸರು ಗೊತ್ತಿದ್ದರೂ ಹೋಗಿ ಏನೆಂದು ಕೇಳುವುದು? ಅದಾದ ಮೇಲೂ ಬಸ್ಸು, ರೈಲು ಎಲ್ಲ ಹತ್ತಿದ್ದೇನೆ, ಹತ್ತಲೇಬೇಕಲ್ಲ. ಆದರೆ ಪ್ರತಿ ಸಲವೂ ಮುಂದೆ ಕೂತವನ ಬೆನ್ನನ್ನು ಸ್ವಲ್ಪ ಹೊತ್ತು ನೋಡುತ್ತೇನೆ. ಆ ದನಿ ಮತ್ತೆ ಕೇಳಿಸಿದರೆ ಯಾರಿಗೆ ಹೇಳಬೇಕು, ಏನೆಂದು ಹೇಳಬೇಕು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.