ರಾಗಿ ಕಾಳಿನಷ್ಟೂ ಇಲ್ಲ

ನಮ್ಮ ಕಡೆ ಮೈಮೇಲೆ ಸಿಡುಬಿನಂಥ ಅಮ್ಮ ಎದ್ದು ವಾಸಿಯಾದವರಿಗೆ ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು ಹುಯ್ಯುತ್ತಾರೆ. ನೀರು ಹುಯ್ದ ಮೇಲೆ ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಎತ್ತುವಂತಿಲ್ಲ, ಎತ್ತಿದರೆ ವಾಪಸ್ ಕರೆದ ಹಾಗೆ. ನನ್ನ ಎದೆಯ ಕ್ಯಾನ್ಸರಿಗೂ ಅದೇ ನೀರು ಸಾಕು ಎಂದು ತೀರ್ಮಾನಿಸಿದವರು ನಮ್ಮ ಅತ್ತೆ.

ದಾವಣಗೆರೆಯಲ್ಲಿ ಆಪರೇಷನ್ ಆಗಿತ್ತು. ಗಡ್ಡೆ ಸಣ್ಣದಿರುವಾಗಲೇ ಸಿಕ್ಕಿತು ಎಂದಿದ್ದರು. ಕಂಕುಳಿನಿಂದ ತೆಗೆದ ಗ್ರಂಥಿಯನ್ನು ಅಲ್ಲೇ ಪರೀಕ್ಷಿಸಿ, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಪೂರ್ತಿ ರಿಪೋರ್ಟ್ ಆಮೇಲೆ ಬರುತ್ತದೆ ಎಂದರು. ನಮ್ಮವರ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಹೊಲಿಗೆ ಬಿಚ್ಚಿದ ವಾರವೇ ಭರಮಸಾಗರದ ನಮ್ಮ ಮನೆಯಲ್ಲಿ ಹಂಡೆ ಕಾಯಿತು. ಗಾಯಕ್ಕೆ ತಾಗದಂತೆ ಅತ್ತೆ ಚೊಂಬಿನಲ್ಲಿ ನೀರು ಹುಯ್ದರು, ಹೊಸ ಸೀರೆ ಉಡಿಸಿದರು. ಹೋಳಿಗೆ ಊಟವೂ ಆಯಿತು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ರಿಪೋರ್ಟ್ ಬಂತು. ಒಂದು ಗ್ರಂಥಿಯಲ್ಲಿ ಒಂದೇ ಒಂದು ಚೂರು ಕ್ಯಾನ್ಸರ್, ರಾಗಿ ಕಾಳಿನಷ್ಟೂ ಇಲ್ಲ. ಅಷ್ಟೇನಾ ಎಂದು ನನ್ನ ಗಂಡ ನಕ್ಕೇಬಿಟ್ಟರು. ಇಷ್ಟು ಸಣ್ಣದೂ ಲೆಕ್ಕಕ್ಕಿದೆಯೇ ಎಂದು ನಾನು ಡಾಕ್ಟರಮ್ಮನನ್ನು ಕೇಳಿದೆ.

"ಸಣ್ಣದೇ. ಆದ್ರೆ ಎದೆ ಬಿಟ್ಟು ಅಲ್ಲೀಗಂಟ ಬಂದೈತಲ್ಲಮ್ಮ," ಎಂದರು.

ಗ್ರಂಥಿಯಲ್ಲಿ ಏನೂ ಇಲ್ಲದವರಿಗಿಂತ ನನ್ನಂಥವರಿಗೆ ಅಪಾಯ ತುಸು ಹೆಚ್ಚು, ದೊಡ್ಡದಾಗಿ ಹರಡಿದವರಿಗಿಂತ ಎಷ್ಟೋ ಕಡಿಮೆ, ಬಹಳ ಜನ ಚೆನ್ನಾಗಿಯೇ ಇರುತ್ತಾರೆ, ಔಷಧಿ ಮಾತ್ರ ತಪ್ಪಿಸಬೇಡ ಎಂದರು. ಆ ಬಹಳ ಜನರಲ್ಲಿ ನಾನಿದ್ದೇನೋ ಇಲ್ಲವೋ ಎಂಬುದನ್ನು ಯಾರೂ ಹೇಳಲಾರರು. ಅದೊಂದೇ ನನಗೆ ಬೇಕಿದ್ದದ್ದು.

ಮನೆಗೆ ಬಂದು ಹೇಳಿದರೆ ಅತ್ತೆ ಮುಖ ತಿರುಗಿಸಿದರು. "ನೀರು ಹುಯ್ದಾಗೈತೆ. ಇನ್ನು ಅದರ ಮಾತು ಈ ಮನೇಲಿ ಬ್ಯಾಡ."

ಗಂಡ ಎಂದಿನಂತೆ ಬೈಕಿನ ಗಾಳಿ ನೋಡಲು ಹೊರಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ಔಷಧಿ ಹಾಕಿಸಿಕೊಳ್ಳಲು ಒಬ್ಬಳೇ ಬಸ್ಸು ಹತ್ತುತ್ತಿದ್ದೆ, ವಾಂತಿಗೆ ಚೀಲದಲ್ಲೊಂದು ಕವರ್ ಇಟ್ಟುಕೊಂಡು. ತಲೆಗೂದಲು ಪೂರ್ತಿ ಹೋದಾಗ ಅತ್ತೆ ಅಕ್ಕಪಕ್ಕದವರಿಗೆ ಉಷ್ಣ ಎಂದರು. ಗಂಜಿ ಮಾಡಿ ಕೊಡುತ್ತಿದ್ದರು, ಒಂದು ಮಾತೂ ಕೇಳುತ್ತಿರಲಿಲ್ಲ. ಎಂಥ ಕಲ್ಲು ಮನಸ್ಸಿನ ಹೆಂಗಸು ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಕೊನೆಯ ಸಲ ಹಾಕಿಸಿಕೊಂಡು ಬಂದ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅತ್ತೆ ಬಾಗಿಲು ಮುಂದೆ ಮಾಡಿ ನನ್ನ ಪಕ್ಕ ಬಂದು ಕುಂತರು.

"ನಿಂದು ಎಷ್ಟಿತ್ತಂದ್ರು?"

ರಾಗಿ ಕಾಳಿನಷ್ಟೂ ಇಲ್ಲ ಎಂದೆ. ಅವರು ನನ್ನ ಕೈ ಹಿಡಿದು ತಮ್ಮ ಕಂಕುಳಿಗೆ ಒತ್ತಿಕೊಂಡರು. ಬೆರಳಿಗೆ ಸಿಕ್ಕಿದ್ದು ನಿಂಬೆಹಣ್ಣಿನಷ್ಟು ದಪ್ಪಗಿತ್ತು, ಗಟ್ಟಿಯಾಗಿತ್ತು. ಒತ್ತಿದರೂ ಅಲುಗಲಿಲ್ಲ. ಯಾವಾಗಿನಿಂದ ಎಂದು ಕೇಳಿದೆ.

"ನಿಂಗೆ ನೀರು ಹುಯ್ಯಕ್ಕೂ ಮುಂಚೆಯಿಂದ. ಹೆಸ್ರು ಎತ್ತಬಾರ್ದು ಅಂತ ನಾನೇ ಅಂದುಬಿಟ್ಟಿದ್ನಲ್ಲ." ಸೆರಗು ಸರಿಮಾಡಿಕೊಳ್ಳುತ್ತಾ, "ನಂದೂ ಔಷಧಿಗೆ ಹೋಗ್ತೈತಾ?" ಎಂದರು.

ಅಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ, ಹೆದರಿಕೆಯಾಯಿತು. ನಾಳೆಯೇ ಹೋಗಾಣ ಬರ್ರಿ ಎಂದೆ. ದೊಡ್ಡದಾಗಿ ಹರಡಿದವರ ಬಗ್ಗೆ ಡಾಕ್ಟರಮ್ಮ ಹೇಳಿದ್ದನ್ನು ಮಾತ್ರ ಹೇಳಲಿಲ್ಲ.