ಗುಂಡು ಹಾರಿಸಲೊಲ್ಲದ ಪರಿಮಳಕ್ಕ

ಪರಿಮಳಾ ಹೆಗಡೆ ಶಿರಸಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಕಾಲದಲ್ಲಿ ಪೇಟೆಯ ವ್ಯಾಪಾರಿಗಳಿಗೆಲ್ಲ ಒಂದು ಸಂಗತಿ ಗೊತ್ತಿತ್ತು: ಮೇಲೆ ವಿಮಾನ ಹೋಗುವಾಗ ಟ್ರಂಕ್ ಕಾಲ್ ಸಿಗುವುದಿಲ್ಲ. ಗಾಳಿಯಲ್ಲಿ ಅಲೆಗಳು ಅಡ್ಡ ಬರುತ್ತವೆ ಎಂದು ತಿಳಿದವರು ಕಾರಣ ಕೊಡುತ್ತಿದ್ದರು. ಅಂಥದ್ದೇನೂ ಇರಲಿಲ್ಲ. ಸದ್ದು ಕಿವಿಗೆ ಬಿದ್ದದ್ದೇ ಪರಿಮಳಕ್ಕ "ಒಂದು ನಿಮಿಷ ತಡೀರಿ" ಎಂದು ಹೆಡ್‌ಫೋನು ಕಳಚಿಟ್ಟು ಕಿಟಕಿಗೆ ಓಡುತ್ತಿದ್ದರು. ಗೋವಾದ ನೌಕಾನೆಲೆಯಿಂದ ಬಂದದ್ದೋ, ಬೊಂಬಾಯಿ ಕಡೆಯ ಪ್ರಯಾಣಿಕರ ವಿಮಾನವೋ ಎಂದು ಖಾತ್ರಿಯಾದ ಮೇಲೆ ವಾಪಸ್ಸು ಬಂದು, ಏನೂ ಆಗದವರಂತೆ "ಹಾಂ, ಮಾತಾಡಿ" ಎನ್ನುತ್ತಿದ್ದರು. ದಾವಣಗೆರೆಯ ಪೇಟೆ ದರ ಕೇಳಲು ಕಾದು ಕೂತವನು ಆ ಕಡೆ ಹಲ್ಲು ಕಡಿಯುತ್ತಿದ್ದ.

ಹುಚ್ಚು ಹತ್ತಿದ್ದು ಯಲ್ಲಾಪುರದಲ್ಲಿ. ತವರು ಅದರ ಹತ್ತಿರದ ಉಮ್ಮಚಗಿ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಚುನಾವಣೆಗೆ ಯಾರೋ ದೊಡ್ಡ ಮನುಷ್ಯರು ಯಲ್ಲಾಪುರದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದರು. ಜನವೆಲ್ಲ ಹಾರ ಹಿಡಿದು ಅವರ ಹಿಂದೆ ಓಡಿದರೆ ಹುಡುಗಿ ಪರಿಮಳಾ ಪೈಲಟ್ಟಿನ ಹತ್ತಿರ ನಿಂತಳು. ಆತ ಬಾಗಿಲು ಮುಟ್ಟಲು ಬಿಟ್ಟ. ಅವತ್ತು ಭಾಷಣ ಮಾಡಿದವರು ಯಾರು ಎಂದು ಈಗ ಕೇಳಿದರೆ ಪರಿಮಳಕ್ಕನಿಗೆ ನೆನಪಿಲ್ಲ. ಹೆಲಿಕಾಪ್ಟರಿನ ಬಾಲಕ್ಕೆ ಯಾವ ಬಣ್ಣ ಬಳಿದಿದ್ದರು ಎಂಬುದು ಚೆನ್ನಾಗಿ ನೆನಪಿದೆ.

ಕಾಲೇಜಿನಲ್ಲಿ ವಾಯುಪಡೆ ಸೇರುವ ಮಾತೆತ್ತಿದಾಗ ಮೇಷ್ಟ್ರು, "ಅಲ್ಲಿ ಹೆಣ್ಣುಮಕ್ಕಳನ್ನು ವಿಮಾನ ಹಾರಿಸಲು ತಗೊಳ್ಳುವುದಿಲ್ಲ ಮಗಳೇ. ತಗೊಂಡರೂ ನಿನ್ನ ಕನ್ನಡಕ ನೋಡಿ ಬಿಡುತ್ತಾರೆ" ಎಂದರು. ಅಡ್ಡಿ ಒಂದೇ ಆಗಿದ್ದರೆ ಜಗಳ ಮಾಡಬಹುದಿತ್ತು, ಎರಡೆರಡು ಇದ್ದುದರಿಂದ ಸುಮ್ಮನಾದರು. ಟೆಲಿಫೋನ್ ಇಲಾಖೆಯ ಪರೀಕ್ಷೆ ಬರೆದರು.

ಹೆಣ್ಣು ನೋಡಲು ಬಂದ ಅನಂತಮೂರ್ತಿ ದನದ ಡಾಕ್ಟರು. ಉಪ್ಪಿಟ್ಟು ತಿಂದಾದ ಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು:

"ನಿಂಗೆ ಎಂತ ಇಷ್ಟ?"

"ವಿಮಾನ."

"ಹತ್ತಿದ್ಯ?"

"ಇಲ್ಲೆ. ನೋಡ್ತೆ."

ಅವರಿಗೆ ಈ ಉತ್ತರ ಬಹಳ ಹಿಡಿಸಿತು. ಸೀರೆ, ಬಂಗಾರ ಅಂದಿದ್ದರೆ ಕೊಡಿಸಬೇಕಾಗುತ್ತಿತ್ತು. ವಿಮಾನವಾದರೆ ತೋರಿಸಿದರೆ ಆಯಿತು. ಮದುವೆಯಾದ ಮೇಲೆ ಗೋವಾಕ್ಕೆ ಕರೆದುಕೊಂಡು ಹೋದರು. ಮರಳಿದ ಮೇಲೆ ಮನೆಗೆ ಬಂದವರೆಲ್ಲ ಸಮುದ್ರದ ಕತೆ ಕೇಳಿದರು. ಅನಂತಮೂರ್ತಿಗಳು ಪಾಪ, ವಿಮಾನ ನಿಲ್ದಾಣದ ಬೇಲಿಯ ಕತೆ ಹೇಳಿದರು, ಅವರು ಕಂಡದ್ದು ಅದನ್ನೇ.

ಹೀಗೆ ನೋಡುತ್ತ ನೋಡುತ್ತ ಇಪ್ಪತ್ತು ವರ್ಷ ಕಳೆದವು. ಟ್ರಂಕ್ ಕಾಲ್ ಹೋಯಿತು, ಪರಿಮಳಕ್ಕ ದೂರು ಸ್ವೀಕರಿಸುವ ಮೇಜಿಗೆ ಬಂದರು, ಶಿರಸಿ ಹತ್ತಿರದ ಇಸಳೂರಿನಲ್ಲಿ ಮನೆ ಕಟ್ಟಿಸಿದರು. ಮಗಳು ಸಮೃದ್ಧಿಗೆಂದು ಕಂಪ್ಯೂಟರ್ ತಂದರು. ಅವಳು ಓದಲು ಹುಬ್ಬಳ್ಳಿ ಹಾಸ್ಟೆಲಿಗೆ ಹೋದಮೇಲೆ ಅದಕ್ಕೆ ಬಟ್ಟೆ ಹೊದೆಸಿಟ್ಟಿದ್ದರು. ಎರಡು ಸಾವಿರದ ಐದರ ದೀಪಾವಳಿಗೆ ಬಂದ ಮಗಳು ಒಂದು ಸಿ.ಡಿ. ಹಾಕಿಕೊಟ್ಟಳು. ಎರಡನೇ ಮಹಾಯುದ್ಧದ ವಿಮಾನಗಳನ್ನು ಹಾರಿಸುವ ಆಟ.

"ಅಮ್ಮಾ, ನಿಂಗಾಗೇ ತಂದಿದ್ದು."

ಮೊದಮೊದಲು ಹಾರಿಸಿದ್ದೆಲ್ಲ ಬಿದ್ದವು. ಕೆಲವು ಸಮುದ್ರಕ್ಕೆ, ಕೆಲವು ಗುಡ್ಡಕ್ಕೆ, ಒಂದಂತೂ ಹೊರಟ ಶೆಡ್ಡಿಗೇ ಹೊಕ್ಕಿತು. ಸಂಜೆ ಸಿದ್ದಾಪುರದ ಪಶು ಆಸ್ಪತ್ರೆಯಿಂದ ಬಂದ ಅನಂತಮೂರ್ತಿಗಳು ಚಪ್ಪಲಿ ಬಿಡುತ್ತಲೇ, ಮಳೆ ವಿಚಾರಿಸಿದ ಹಾಗೆ, "ಇವತ್ತು ಎಷ್ಟು ಬಿತ್ತು?" ಎಂದು ಕೇಳುತ್ತಿದ್ದರು.

ಕೀಬೋರ್ಡಿನಲ್ಲಿ ಆಗುವುದಿಲ್ಲ, ಹಿಡಿಕೆ ಬೇಕು ಎಂದು ಮಗಳು ಹೇಳಿದ್ದಕ್ಕೆ ಅವರೇ ಹುಬ್ಬಳ್ಳಿಗೆ ಹೋಗಿ ಜಾಯ್‌ಸ್ಟಿಕ್ ತಂದರು. ಡಬ್ಬಿ ದೊಡ್ಡದೆಂದು ಬಿಸಾಕಿ ಬಂದಿದ್ದರು. ಯಲ್ಲಾಪುರದ ಮೇಲೆ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತದ್ದೇ ತಪ್ಪಾಯಿತು. ಪರಿಚಯದ ಕಂಡಕ್ಟರ್ ಕೇಳಿದ:

"ಡಾಕ್ಟ್ರೇ, ಇದು ದನಕ್ಕೆ ಎಂತ ಮಾಡೂದು?"

"ದನಕ್ಕಲ್ಲ ಮಾರಾಯ. ನಮ್ಮನೆಯವ್ರಿಗೆ."

ಬಸ್ಸು ಶಿರಸಿ ಮುಟ್ಟುವವರೆಗೆ ಅವರ ಹತ್ತಿರ ಯಾರೂ ಮಾತಾಡಲಿಲ್ಲ.

ಹಿಡಿಕೆ ಬಂದಮೇಲೆ ಪರಿಮಳಕ್ಕನ ಕೈ ಕುದುರಿತು. ಮರುವರ್ಷ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಾಗ 'ಕರಿಹದ್ದು ಸ್ಕ್ವಾಡ್ರನ್' ಕಣ್ಣಿಗೆ ಬಿತ್ತು. ಅವರವರ ಮನೆಯಲ್ಲಿ ಕೂತು, ಒಂದೇ ಆಕಾಶದಲ್ಲಿ ಕೂಡಿ ಹಾರಿ, ಬೇರೆ ಊರಿನ ದಳಗಳ ಜೊತೆ ಕಾದಾಡುವ ಯುದ್ಧವಿಮಾನದ ಪಡೆ. ಸದಸ್ಯರೆಲ್ಲ ಕರ್ನಾಟಕದವರು. ಪರಿಮಳಕ್ಕ 'ಪಿ. ಎ. ಹೆಗಡೆ' ಎಂದು ಹೆಸರು, ಫೋನ್ ನಂಬರು ಕಳಿಸಿದರು. ಭಾನುವಾರ ಫೋನು ಬಂತು.

"ನಮಸ್ಕಾರ್ರಿ. ನಾ ವಿಂಗ್ ಕಮಾಂಡರ್ ಅಂದಾನಪ್ಪ, ಹಾವೇರಿ. ಹೆಗಡೆ ಸಾಹೇಬ್ರು ಅದಾರೇನ್ರಿ?"

"ನಾನೇ ಹೆಗಡೆ."

ಆ ಕಡೆಯವರು ಹೆಸರನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಅಂದಾನಪ್ಪ, "ಬರ್ರಿ ಅಕ್ಕಾರ, ಬರ್ರಿ! ನಮ್ಮಲ್ಲೂ ಒಬ್ಬರು ಹೆಣ್ಮಕ್ಳು ಬಂದಂಗಾತು" ಎಂದರು. ಹಾವೇರಿಯಲ್ಲಿ ಅವರದು ಬೀಜ ಗೊಬ್ಬರದ ಅಂಗಡಿ. ವಿಂಗ್ ಕಮಾಂಡರ್ ಪದವಿಯನ್ನು ಅವರಿಗೆ ಅವರೇ ಕೊಟ್ಟುಕೊಂಡಿದ್ದರು. ಆದರೆ ಮಾತಿನಲ್ಲಿ ದರ್ಪವಿರಲಿಲ್ಲ. ಹಾರಾಟ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ. ರೇಡಿಯೋದಲ್ಲಿ ಇಂಗ್ಲಿಷ್ ಮಾತ್ರ. ವಿಮಾನ ಬೀಳುವಾಗ ಮಾತ್ರ ಕನ್ನಡಕ್ಕೆ ಅಪ್ಪಣೆ. ಇವಿಷ್ಟೇ ನಿಯಮ.

ಪರೀಕ್ಷೆಯಲ್ಲಿ ಪರಿಮಳಕ್ಕ ಏರಿದ್ದು ಚಂದ, ಇಳಿದದ್ದು ಚಂದ, ಸಾಲಿನಲ್ಲಿ ಹಾರಿದ್ದಂತೂ ಗೆರೆ ಕೊರೆದ ಹಾಗೆ. ಸೇರಿಸಿಕೊಂಡರು. ನಿಜವಾದ ಕಾಳಗ ಶುರುವಾದಾಗಲೇ ತೊಂದರೆ ಗೊತ್ತಾದದ್ದು. ಎದುರಾಳಿಯ ಬೆನ್ನಿಗೆ ಬಿದ್ದು, ತಿರುಗಿದಲ್ಲಿ ತಿರುಗಿ, ಇನ್ನು ಗುಂಡಿ ಒತ್ತುವುದೊಂದೇ ಬಾಕಿ ಎನ್ನುವ ಜಾಗಕ್ಕೆ ಪರಿಮಳಕ್ಕ ಸಲೀಸಾಗಿ ಹೋಗುತ್ತಿದ್ದರು. ಹೋಗಿ, ಒತ್ತುತ್ತಿರಲಿಲ್ಲ. ಅಂದಾನಪ್ಪ ಇಂಗ್ಲಿಷಿನ ನಿಯಮವನ್ನು ತಾವೇ ಮರೆತು ಕೂಗುತ್ತಿದ್ದರು:

"ಅಕ್ಕಾರ, ಹೊಡೀರಿ! ಏನ್ ನೋಡಾಕತ್ತೀರಿ?"

"ರೆಕ್ಕೆ ನೋಡ್ತಿದ್ದೆ. ಸ್ಪಿಟ್‌ಫೈರ್ ವಿಮಾನ, ಅಂದಾನಪ್ಪನವರೇ! ಇಷ್ಟು ಹತ್ತಿರದಿಂದ ಯಾವತ್ತು ಕಂಡಿದ್ದೆ ನಾನು?"

"ಅದು ವೈರಿ ವಿಮಾನ್ರಿ!"

"ಇರಲಿ ಬಿಡಿ. ವಿಮಾನ ಎಂತ ಮಾಡಿದ್ದು ಪಾಪ."

ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ಬಂದು ಇವರನ್ನೇ ಹೊಡೆದುಹಾಕುತ್ತಿದ್ದ. ವಾರ ವಾರವೂ ಇದೇ. ಒಂದು ಮಳೆಗಾಲ ಪೂರ್ತಿ ಹಾರಿದರೂ ಅವರ ಲೆಕ್ಕಕ್ಕೆ ಒಂದೂ ವಿಮಾನ ಜಮೆಯಾಗಲಿಲ್ಲ. ಅಂದಾನಪ್ಪನವರಿಗೆ ಕೈಬಿಡಲು ಮನಸ್ಸಿಲ್ಲ, ಇಟ್ಟುಕೊಂಡರೆ ಸೋಲು. ಪರಿಮಳಕ್ಕನಿಗೂ ಕಸಿವಿಸಿ. "ಈ ಆಟ ಬಿಟ್ಟು ಬಿಡನ ಹೇಳಿ ಕಾಣ್ತು" ಎಂದು ಗಂಡನ ಹತ್ತಿರ ಹೇಳಿಕೊಂಡರು. "ಆನು ಸೂಜಿ ಚುಚ್ಚುವಾಗ ದನದ ಮುಖ ನೋಡ್ತ್ನಿಲ್ಲೆ. ನೀನೂ ಕಣ್ಣು ಮುಚ್ಗಂಡು ಒತ್ತು" ಎಂದರು ಅನಂತಮೂರ್ತಿ. ಕಣ್ಣು ಮುಚ್ಚಿ ಒತ್ತಿದ್ದರಿಂದ ಅಂದಾನಪ್ಪನವರ ವಿಮಾನದ ಬಾಲ ಹಾರಿಹೋಯಿತು.

ಮಂಗಳೂರಿನ ದಳದ ಜೊತೆ ದೊಡ್ಡ ಪಂದ್ಯ ನಡೆದದ್ದು ಆ ನವೆಂಬರಿನಲ್ಲಿ. ಅವತ್ತು ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಕೆಮ್ಮಿದ ಸದ್ದಾಯಿತು. ಹೆಗಡೆಕಟ್ಟಾದ ಗಣಪ ಭಾವ. ಅನಂತಮೂರ್ತಿಯ ದೊಡ್ಡಪ್ಪನ ಮಗ, ಅರವತ್ತು ದಾಟಿದ ಅಡಿಕೆ ತೋಟದವರು. ಮಂಗಗಳು ಜೋತಾಡಿ ಫೋನಿನ ತಂತಿ ಕಡಿದಿದ್ದವು. ದೂರು ಹೇಳಲು ಫೋನೇ ಇಲ್ಲದ್ದರಿಂದ ಬಸ್ಸು ಹತ್ತಿ ಬಂದಿದ್ದರು.

"ತಂಗೀ, ಯಮ್ಮನೆ ಫೋನು ಸತ್ತೋಯ್ದು."

"ಭಾವ, ಒಂದ್ಗಳಿಗೆ ಕೂತ್ಕಳಿ. ಯುದ್ಧದಲ್ಲಿದ್ದೆ."

ಗಣಪ ಭಾವ ಸ್ಟೂಲು ಎಳೆದುಕೊಂಡು ಬೆನ್ನಿಗೇ ಕೂತರು. ಮೊದಲು ಮಂಗನ ಕತೆ ಹೇಳುತ್ತಿದ್ದವರು ನಿಧಾನಕ್ಕೆ ಸುಮ್ಮನಾದರು. ಪರದೆಯ ಮೇಲೆ ಕರಿಹದ್ದುಗಳು ಒಂದೊಂದಾಗಿ ಉದುರುತ್ತಿದ್ದವು. ಅಂದಾನಪ್ಪ "ಸತ್ನೆಪ್ಪೋ!" ಎಂದು ಅಪ್ಪಣೆಯ ಪ್ರಕಾರ ಕನ್ನಡದಲ್ಲೇ ಕೂಗಿ ಸಮುದ್ರಕ್ಕೆ ಬಿದ್ದರು. ಕೊನೆಗೆ ಉಳಿದದ್ದು ಇತ್ತ ಪರಿಮಳಕ್ಕ, ಅತ್ತ ಕಮಲಾಕರ ಎಂಬ ಮಂಗಳೂರಿನ ಹಲ್ಲಿನ ಡಾಕ್ಟರು. ಅವರ ದಳಕ್ಕೆಲ್ಲ ಹುಲಿ ಅನ್ನಿಸಿಕೊಂಡವರು.

ಹುಲಿ ಮೋಡದೊಳಗೆ ಹೊಕ್ಕಿತು. ಪರಿಮಳಕ್ಕ ಹಿಂದೆಯೇ ಹೊಕ್ಕರು. ಅದು ಮೇಲೆದ್ದರೆ ಮೇಲೆ, ಮಗುಚಿದರೆ ಮಗುಚಿ. ಕಡೆಗೆ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಿಸಿಲಿಗೆ ಮಿಂಚುವ ಎರಡು ರೆಕ್ಕೆ. ಕಿವಿಯಲ್ಲಿ ಸತ್ತವರೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಪರಿಮಳಕ್ಕ ನೋಡುತ್ತಿದ್ದರು.

"ಹೊಡಿಯೇ ತಂಗಿ!" ಗಣಪ ಭಾವ ಸ್ಟೂಲಿನಿಂದ ಎದ್ದರು. "ಯಾವ್ದೇ ಒತ್ತುದು?"

"ಆ ಕೆಂಪ್ದು. ಆದ್ರೆ ಭಾವ..."

ಆದರೆ ಎನ್ನುವುದನ್ನು ಭಾವ ಕೇಳಿಸಿಕೊಳ್ಳಲಿಲ್ಲ. ಮಂಗನ ಮೇಲೆ ಕಲ್ಲು ಬೀಸಿ ಬೀಸಿ ಪಳಗಿದ ಕೈ ಭುಜದ ಮೇಲಿಂದ ಬಂದು ಕೆಂಪು ಗುಂಡಿಯ ಮೇಲೆ ಕೂತಿತು. ಹುಲಿಯ ರೆಕ್ಕೆ ಮುರಿದು ಹೊಗೆ ಎದ್ದಿತು.

ಕಿವಿಯಲ್ಲಿ ಹಬ್ಬ. ಗಣಪ ಭಾವ "ಬಿತ್ತು! ಬಿತ್ತು!" ಎಂದು ಕುಣಿಯುತ್ತಿದ್ದರು. ಅಡುಗೆಮನೆಯಿಂದ ಓಡಿಬಂದ ಅನಂತಮೂರ್ತಿಗಳು ಏನು ಬಿತ್ತೆಂದು ತಿಳಿಯದೆ ಮೊದಲು ಮನೆಯ ಮಾಡಿನತ್ತ ನೋಡಿದರು. ಪರಿಮಳಕ್ಕ ಮಾತ್ರ ಹೆಡ್‌ಫೋನು ತೆಗೆದಿಟ್ಟು ಎದ್ದರು. ಕಣ್ಣಲ್ಲಿ ನೀರಿತ್ತು.

"ನಿಂಗ ಎಂತ ಮಾಡಿದ್ದಿ ಭಾವ! ಅದು ಎಷ್ಟು ಚಂದಕ್ಕೆ ತಿರುಗ್ತಾ ಇತ್ತು."

ಆ ಸಂಜೆಯೇ ಅಂದಾನಪ್ಪನವರಿಂದ ನಂಬರು ಕೇಳಿ ಮಂಗಳೂರಿಗೆ ಫೋನು ಮಾಡಿದರು. "ಕಮಲಾಕರ ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ಹೊಡೆದದ್ದು ನಾನಲ್ಲ, ನಮ್ಮ ಭಾವ. ಹಾಗಾಗಿ ಗೆದ್ದದ್ದೂ ನಾನಲ್ಲ."

ನಗಲು ಶುರುಮಾಡಿದ ಕಮಲಾಕರರಿಗೆ ನಿಲ್ಲಿಸುವುದು ಕಷ್ಟವಾಯಿತು. "ಎಂತ ಮಾರಾಯ್ರೇ ನೀವು! ನನ್ನನ್ನು ಎಷ್ಟೋ ಜನ ಹೊಡೆದಿದ್ದಾರೆ. ಫೋನು ಮಾಡಿ ಸಮಾಧಾನ ಹೇಳಿದವರು ಯಾರೂ ಇಲ್ಲ. ನಿಮ್ಮ ಭಾವನವರು ಯಾವ ಸ್ಕ್ವಾಡ್ರನ್ನು?"

"ಹೆಗಡೆಕಟ್ಟಾ."

ಎರಡೂ ದಳದವರು ಸೇರಿ ವಿಚಾರ ಮಾಡಿದರು. ಒಂದು ಹಿಡಿಕೆಗೆ ಒಂದೇ ಕೈ ಇರಬೇಕೆಂದು ಎಲ್ಲೂ ಬರೆದಿರಲಿಲ್ಲ. ಪರಿಮಳಕ್ಕ ಹಾರಿಸುವುದು, ಗಣಪ ಭಾವ ಒತ್ತುವುದು ಎಂದು ತೀರ್ಮಾನವಾಯಿತು. ಫೋನಿನ ತಂತಿ ರಿಪೇರಿಯಾದ ಮೇಲೂ ಭಾವ ಭಾನುವಾರ ತಪ್ಪದೆ ಬರತೊಡಗಿದರು. ಬರುವಾಗ ಬಾಳೆಕಾಯಿಯೋ ಮಜ್ಜಿಗೆ ಮೆಣಸೋ ಕೈಯಲ್ಲಿ. ಪರಿಮಳಕ್ಕ ಬೆನ್ನಿಗೆ ಬಿದ್ದಾದ ಮೇಲೆ "ಭಾವ, ಈಗ" ಎಂದು ಮುಖ ಆಚೆ ತಿರುಗಿಸಿಕೊಳ್ಳುವರು, ಭಾವ ಒತ್ತುವರು. ಕರಿಹದ್ದುಗಳ ಸೋಲು ನಿಂತುಹೋಯಿತು. ಅಂದಾನಪ್ಪ ಈ ಜೋಡಿಯನ್ನು ಕಂಡು ಹಬ್ಬಕ್ಕೆ ಪಟಾಕಿ ಹೊಡೆದಷ್ಟು ಹಿಗ್ಗಿದರು.

ಆದರೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಬಂತು. ಅಡಿಕೆ ಸುಲಿಯುವ ಗಡಿಬಿಡಿಯಲ್ಲಿ ಭಾವ ಬರಲಿಲ್ಲ. ಮತ್ತೆ ಮಂಗಳೂರಿನವರ ಜೊತೆ ಪಂದ್ಯ, ಮತ್ತೆ ಅದೇ ಕಮಲಾಕರನ ಬೆನ್ನು. ಅಂದಾನಪ್ಪ ಕೂಗಿ ಕೂಗಿ ದಣಿದರು. ಪರಿಮಳಕ್ಕ ಗುಂಡಿಯ ಮೇಲಿಂದ ಬೆರಳು ತೆಗೆದು, ಎಲ್ಲರಿಗೂ ಕೇಳುವ ಚಾನೆಲ್ಲಿಗೆ ತಿರುಗಿಸಿ, ಟೆಲಿಫೋನ್ ಆಫೀಸಿನ ದನಿಯಲ್ಲಿ ಹೇಳಿದರು:

"ಡಾಕ್ಟ್ರೇ, ನಾನು ನಿಮ್ಮ ಬೆನ್ನಿಗೇ ಇದ್ದೇನೆ. ಹೊಡೆದಿದ್ದೇನೆ ಅಂತಲೇ ತಿಳಕೊಂಡು ಮನೆಗೆ ಹೋಗಿ."

ಕಮಲಾಕರ "ಆಯ್ತು ಪರಿಮಳಕ್ಕ" ಎಂದು ರೆಕ್ಕೆ ಎರಡು ಸಲ ಅಲ್ಲಾಡಿಸಿ, ನೆಟ್ಟಗೆ ಹೋಗಿ ವಿಮಾನ ಇಳಿಸಿದರು. ಅಂದಾನಪ್ಪ ಉಸಿರು ಬಿಟ್ಟರು. "ಏನಾತ್ರಿ ಇದು? ಲೆಕ್ಕಕ್ಕ ಹಿಡೀಬೇಕೋ ಬ್ಯಾಡೋ?" ಮಂಗಳೂರಿನವರೇ ಹಿಡಿಯಿರಿ ಎಂದರು. ಮುಂದಿನ ತಿಂಗಳಲ್ಲಿ ಇನ್ನಿಬ್ಬರು ಹಾಗೆಯೇ ಮನೆಗೆ ಹೋದರು. ಆ ದಳದಲ್ಲಿ ಯಾರಾದರೂ ಬೇಗ ಆಟದಿಂದ ಹೊರಬಿದ್ದರೆ, "ಏನು, ಪರಿಮಳಕ್ಕ ಕಳಿಸಿದ್ರಾ?" ಎಂದು ಕೇಳುವುದು ರೂಢಿಯಾಯಿತು.

ಕೊಯ್ಲು ಮುಗಿಸಿ ಬಂದ ಗಣಪ ಭಾವನಿಗೆ ಇದನ್ನು ಕೇಳಿ ಮುಖ ಸಣ್ಣದಾಯಿತು. ಬಾಳೆಕಾಯಿ ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತರು.

"ಹಂಗಾರೆ ಆನು ಬಪ್ಪದು ಎಂತಕ್ಕೆ?"

ಪರಿಮಳಕ್ಕ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದೆ ತಳ್ಳಿದರು. "ಕೂತ್ಕಳಿ ಭಾವ. ಇವತ್ತು ಬೆಳಗಾವಿಯವ್ರು ಬತ್ತ. ಹೇಳಿದ್ರೆ ಕೇಳವ್ರಲ್ಲ ಅವು."

ಭಾವ ಚೀಲ ಕೆಳಗಿಟ್ಟರು.